ಗುರುತಿಲ್ಲದ ಕೋಳಿ ಸಿಗದ ಊರು

ಇಂಗ್ಲಿಷಿನವರು ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಹೇಗೆ ಆಳಿದರೆಂಬುದು ನನಗೆ ಇವತ್ತಿಗೂ ಆಶ್ಚರ್ಯ. ಹಸು ಬಂತು ಎಂದು ಹೇಳಬೇಕಾದರೂ ಅವರು ಒಂದು ಗಳಿಗೆ ನಿಂತು ಯೋಚಿಸಬೇಕು: ಇದು ಕೇಳುವವನಿಗೆ ಗೊತ್ತಿರುವ ಹಸುವೋ, ಗೊತ್ತಿಲ್ಲದ ಹಸುವೋ? ಗೊತ್ತಿದ್ದರೆ ಅದರ ಮೊದಲಿಗೆ ‘ದಿ’, ಗೊತ್ತಿಲ್ಲದಿದ್ದರೆ ‘ಎ’. ಇಷ್ಟೆಲ್ಲ ಇತ್ಯರ್ಥವಾಗುವಷ್ಟರಲ್ಲಿ ನಮ್ಮ ಕಡೆಯ ಹಸುವಾದರೆ ಬೇಲಿ ಹಾರಿ ಬಸಳೆ ಚಪ್ಪರವನ್ನು ಮುಗಿಸಿರುತ್ತದೆ. ನಾವೋ, ‘ಹಸು ಬಂತು’ ಎಂದು ಕೂಗಿ ಕೋಲು ಹಿಡಿದು ಓಡುವ ಜನ. ಈ ‘ಎ’, ‘ದಿ’ಗಳಿಲ್ಲದೆಯೇ ನಮ್ಮ ಹಿರಿಯರು ಹುಟ್ಟಿದರು, ಜಗಳ ಮಾಡಿದರು, ರಾಜಿಯಾದರು, ಸತ್ತರು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನನಗೊಬ್ಬನಿಗೆ.

ಎರಡನೇ ಮಹಾಯುದ್ಧದ ಕಾಲದಲ್ಲಿ, ಕಾಸರಗೋಡು ಕಡೆಯ ಪುತ್ತಿಗೆಯಿಂದ ಆಚೆಯ ಒಂದು ಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ಟ್ರಾಗಿದ್ದೆ. ಶಾಲೆ ದೂಮಪ್ಪ ಶೆಟ್ಟರದ್ದು. ಹಂಚಿನ ಮಾಡು ಅವರದ್ದು, ಬೆಂಚು ಅವರದ್ದು, ನಾನು ಮಧ್ಯಾಹ್ನ ಉಣ್ಣುತ್ತಿದ್ದ ಗಂಜಿಯೂ ಅವರ ಮನೆಯದ್ದು. ಹಾಗಾಗಿ ನಾನೂ ಬಹುಮಟ್ಟಿಗೆ ಅವರವನೇ. ಇಂಗ್ಲಿಷ್ ತರಗತಿಗೆ ಸರಕಾರದ ಮಂಜೂರಾತಿ ಇನ್ನೂ ಸಿಕ್ಕಿರಲಿಲ್ಲ. ಇನ್ಸ್‌ಪೆಕ್ಟರು ಬಂದು ಮಕ್ಕಳನ್ನು ಪರೀಕ್ಷಿಸಿ ತಲೆಯಾಡಿಸಿದರೆ ತರಗತಿ ಉಳಿಯುತ್ತದೆ, ನನ್ನ ಕೆಲಸ ಖಾಯಂ ಆಗುತ್ತದೆ, ಕೆಲಸ ಖಾಯಂ ಆದರೆ ಮದುವೆ. ಅಗಲ್ಪಾಡಿಯ ಸುಂದರ ರೈಗಳ ಮಗಳು ಲೀಲಾವತಿಯನ್ನು ನಾನು ಮಧೂರಿನ ದೇವಸ್ಥಾನದಲ್ಲಿ ಅಪ್ಪದ ಪ್ರಸಾದಕ್ಕೆ ಕಾಯುತ್ತಿದ್ದಾಗ ನೋಡಿದ್ದೆ. ನೋಡಿದ ಮೇಲೆ ಅಪ್ಪ ತೆಗೆದುಕೊಳ್ಳುವುದನ್ನೇ ಮರೆತು ಬರಿಗೈಯಲ್ಲಿ ಬಂದಿದ್ದೆ. ರೈಗಳು ಆಧುನಿಕರು. “ಜಾತಕ, ಸಂಬಂಧ ಎಲ್ಲ ಆಮೇಲೆ ನೋಡುವ ಮಾಸ್ಟ್ರೇ. ಮೊದಲು ಕೆಲಸ ಖಾಯಂ ಆಗಲಿ” ಎಂದಿದ್ದರು.

ಹೀಗೆ ನನ್ನ ಸಂಸಾರಸುಖವೆಲ್ಲ ಆ ಎರಡು ಪುಟಾಣಿ ಶಬ್ದಗಳ ಮೇಲೆ ನಿಂತಿತು. ಏಕೆಂದರೆ ಈ ಇನ್ಸ್‌ಪೆಕ್ಟರು ಬೇರೇನನ್ನೂ ಕೇಳುವುದಿಲ್ಲ, ಆರ್ಟಿಕಲ್ಲುಗಳಲ್ಲೇ ಮಾಸ್ಟ್ರುಗಳನ್ನು ಹಿಡಿದುಹಾಕುತ್ತಾರೆ ಎಂದು ಆಗಲೇ ಸುದ್ದಿಯಾಗಿತ್ತು. ನಾನು ಮಕ್ಕಳಿಗೆ ನಿಯಮವನ್ನು ಬಿಡಿಸಿ ಹೇಳಿದೆ. ಗೊತ್ತಿರುವುದಕ್ಕೆ ‘ದಿ’, ಗೊತ್ತಿಲ್ಲದ ಯಾವುದೋ ಒಂದಕ್ಕೆ ‘ಎ’. ಎಲ್ಲರೂ ಸಂತೋಷದಿಂದ ಒಪ್ಪಿದರು. ‘ಎ’ ಹಾಕಿ ಒಂದು ವಾಕ್ಯ ಬರೆಯಿರಿ ಎಂದೆ. ಸ್ಲೇಟುಗಳೆಲ್ಲ ಖಾಲಿ.

“ಎಂತ ಸೀತು, ಯಾಕೆ ಬರೆಯಲಿಲ್ಲ?” ಎಂದು ತರಗತಿಯ ಬುದ್ಧಿವಂತೆಯನ್ನೇ ಕೇಳಿದೆ.

“ಗೊತ್ತಿಲ್ಲದ್ದು ಎಂತ ಉಂಟು ಮಾಸ್ಟ್ರೇ?”

“ನಾಯಿ ಅಂತ ಬರೆ. ಯಾವುದೋ ಒಂದು ನಾಯಿ.”

“ಯಾರ ಮನೆಯದ್ದು?”

“ಯಾರ ಮನೆಯದ್ದೂ ಅಲ್ಲ.”

“ಓ, ಯಾರ ಮನೆಯದ್ದೂ ಅಲ್ಲದ್ದು ಅಬ್ಬೂಬಕ್ಕರನ ಅಂಗಡಿ ಎದುರು ಮಲಗ್ತದಲ್ಲ, ಅದಾ? ಅದು ನಮಗೆ ಗೊತ್ತುಂಟು.” ಅವಳು ನಿಶ್ಚಿಂತೆಯಿಂದ ‘ದಿ ಡಾಗ್’ ಎಂದು ಬರೆದಳು.

ಬಸ್ಸು ಎಂದೆ. ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಇರುವುದೇ ಒಂದು. ಏರಿನಲ್ಲಿ ಅದನ್ನು ನೂಕುವವರು ಇವರ ಅಪ್ಪಂದಿರೇ. ಮಾವಿನಮರ ಎಂದೆ; ಕಲ್ಲು ಹೊಡೆದು ಬೈಸಿಕೊಳ್ಳದ ಮರ ಒಂದೂ ಇರಲಿಲ್ಲ. ಹಠ ಹಿಡಿದು ಕಾಸರಗೋಡಿನ ಸಂತೆಗೆ ಹೋಗಿ, ಹೆಸರು ಕೇಳದೆ, ಮುಖವನ್ನೂ ಸರಿಯಾಗಿ ನೋಡದೆ ಯಾರಿಂದಲೋ ಹುಂಜವೊಂದನ್ನು ಕೊಂಡು ತಂದೆ. ಮರುದಿನ ಮೇಜಿನ ಮೇಲೆ ನಿಲ್ಲಿಸಿ ವಿಜಯೋತ್ಸಾಹದಿಂದ “ದಿಸ್ ಈಸ್ ಎ ಕಾಕ್!” ಎಂದು ಘೋಷಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದು ಹುಂಜದ ಕಾಲು ನೋಡಿದ, ರೆಕ್ಕೆ ಎತ್ತಿ ನೋಡಿದ. “ಮಾಸ್ಟ್ರೇ, ಇದರ ಅಪ್ಪ ಹೋದ ವರ್ಷ ಕೋಳಿ ಅಂಕದಲ್ಲಿ ನಮ್ಮ ಮಾವನ ಹುಂಜವನ್ನು ಸೋಲಿಸಿದ್ದು” ಎಂದ. ತರಗತಿಯೇ ಎದ್ದು ನಿಂತು ಆ ವೀರಪುತ್ರನಿಗೆ ಗೌರವ ಸಲ್ಲಿಸಿತು.

ದೂರು ಒಯ್ದೆ. ಶೆಟ್ಟರು ಎಲೆಗೆ ಸುಣ್ಣ ಹಚ್ಚುತ್ತಾ ಶಾಂತವಾಗಿ ಕೇಳಿ ಮಕ್ಕಳ ಪಕ್ಷವನ್ನೇ ವಹಿಸಿದರು. “ಅಲ್ಲ ಮಾಸ್ಟ್ರೇ, ಗೊತ್ತಿಲ್ಲದವ ಮನೆಗೆ ಬಂದ ಅಂತ ಇಟ್ಟುಕೊಳ್ಳಿ. ಕೂರಿಸಿ ಬೆಲ್ಲ ನೀರು ಕೊಡುವುದಿಲ್ವಾ? ಯಾವ ಊರು, ಯಾರ ಮನೆ ಅಂತ ಕೇಳುವುದಿಲ್ವಾ? ಹೆಚ್ಚೆಂದರೆ ಆ ಬೆಲ್ಲ ನೀರು ಕುಡಿಯುವಷ್ಟು ಹೊತ್ತು ಅವ ನಿಮ್ಮ ‘ಎ’. ಆಮೇಲೆ ನೆಂಟನೇ. ಅಷ್ಟು ಸಣ್ಣ ಹೊತ್ತಿಗೆ ಒಂದು ಶಬ್ದ ಬೇರೆ ಯಾಕೆ?” ಅಂದಿನಿಂದ ನನಗೆ ನಿದ್ದೆ ಬರಲಿಲ್ಲ.

ಇನ್ಸ್‌ಪೆಕ್ಟರು ಬಂದರು. ಹೆಗ್ಡೆಯವರು, ಟೊಪ್ಪಿ, ಬೂಟು, ನಗದ ಮುಖ. ನೇರವಾಗಿ ಹಲಗೆಯ ಮೇಲೆ, ದಾರಿಯಲ್ಲಿ ನಾನೊಬ್ಬ ಮನುಷ್ಯನನ್ನು ಕಂಡೆ ಎಂಬರ್ಥದ ಇಂಗ್ಲಿಷ್ ವಾಕ್ಯ ಬರೆದು, ಮನುಷ್ಯನ ಮೊದಲಿಗೆ ಜಾಗ ಖಾಲಿ ಬಿಟ್ಟು, ಸೀತುವಿನ ಕಡೆ ಬೆರಳು ತೋರಿಸಿದರು.

“ಯಾವ ದಾರಿಯಲ್ಲಿ ಸರ್?” ಎಂದಳು ಸೀತು.

“ಯಾವುದೋ ಒಂದು ದಾರಿ.”

“ತಲೆಗೆ ಮುಟ್ಟಾಳೆ ಇತ್ತಾ?”

ಇನ್ಸ್‌ಪೆಕ್ಟರು ಗದರಬೇಕಿತ್ತು. ಆದರೆ ಆ ಬೆಳಿಗ್ಗೆ ಅವರು ನಿಜವಾಗಿಯೂ ತೋಡಿನ ನೀರು ದಾಟುವಲ್ಲಿ ದಾರಿ ತಪ್ಪಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಅದೇ ಮುಟ್ಟಾಳೆ, ಇಟ್ಟವನೊಬ್ಬನನ್ನು ವಿಚಾರಿಸಿದ್ದರಂತೆ. “ಇತ್ತು” ಎಂದುಬಿಟ್ಟರು.

“ಸ್ವಲ್ಪ ಕುಂಟುತ್ತಿದ್ದನಾ? ದಾರಿ ತಪ್ಪು ಹೇಳಿದನಾ?”

“ಎರಡೂ ಹೌದು!”

“ಅದು ನಮ್ಮ ಕೊರಗ್ಗು ಮಾವ. ದಿ ಮ್ಯಾನ್, ಸರ್.”

ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ತಪ್ಪು ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಶೆಟ್ಟರು ಬೆಲ್ಲ ನೀರಿನ ಚೆಂಬು ಮುಂದೆ ಹಿಡಿದು, “ಬಿಸಿಲಲ್ಲಿ ಬಂದಿದ್ದೀರಿ. ಅಂದ ಹಾಗೆ ತಾವು ಯಾರ ಮನೆಯವರು?” ಎಂದು ವಿಚಾರಿಸಿದರು. ಮೊದಲ ಗುಟುಕಿಗೆ ಮೂಲ್ಕಿಯ ಕಡೆ ಎಂದಾಯಿತು. ಚೆಂಬು ಖಾಲಿಯಾಗುವಷ್ಟರಲ್ಲಿ ಇನ್ಸ್‌ಪೆಕ್ಟರ ಚಿಕ್ಕಮ್ಮನ ಮಗಳನ್ನು ಶೆಟ್ಟರ ಭಾವನ ತಮ್ಮನಿಗೆ ಕೊಟ್ಟಿದೆ ಎಂಬಲ್ಲಿಗೆ ಬಂದು ಮುಟ್ಟಿತು. ಹೆಗ್ಡೆಯವರು ಟೊಪ್ಪಿ ತೆಗೆದರು, ಬೂಟು ಬಿಚ್ಚಿದರು, ನಕ್ಕರು. ನಮ್ಮದೇ ಶಾಲೆ ಎಂದ ಮೇಲೆ ಮಂಜೂರಾತಿಗೆ ಏನು ಅಡ್ಡಿ ಎಂದರು. ನನಗೆ ಕುಣಿಯಬೇಕೆನಿಸಿತು.

“ನಮ್ಮ ಮಾಸ್ಟ್ರಿಗೂ ಅಗಲ್ಪಾಡಿಯಿಂದ ಹೆಣ್ಣು ನೋಡಿ ಆಗಿದೆ. ಸುಂದರ ರೈಗಳ ಮಗಳು” ಎಂದು ಶೆಟ್ಟರು ಹೆಮ್ಮೆಯಿಂದ ಸಾರಿದರು.

“ಹೌದಾ? ನಿಮ್ಮ ತಾಯಿಯ ಮನೆ ಯಾವುದು?” ಎಂದು ಹೆಗ್ಡೆಯವರು ನನ್ನ ಕಡೆ ತಿರುಗಿದರು.

ಹೆತ್ತ ಕೂಡಲೇ ತಾಯಿ ತೀರಿಕೊಂಡು ಮಂಗಳೂರಿನಲ್ಲಿ ಅಪ್ಪನ ಕಡೆಯವರಲ್ಲಿ ಬೆಳೆದವನು ನಾನು. ತಾಯಿಯ ಮನೆಯ ಹೆಸರು ಮಾತ್ರ ಗೊತ್ತಿತ್ತು. ಹೇಳಿದೆ. ಹೆಗ್ಡೆಯವರು ತೊಡೆ ತಟ್ಟಿ ಎದ್ದರು. “ಅದು ನಮ್ಮ ನೆರೆಮನೆ ಅಲ್ವಾ ಮಾರಾಯ! ರೈಗಳ ಹೆಂಡತಿ ಅಲ್ಲಿಯ ಹೆಣ್ಣೇ. ನಿಮ್ಮ ತಾಯಿಯ ಒಡಹುಟ್ಟಿದ ತಂಗಿ! ಆ ಹುಡುಗಿ ನಿಮಗೆ ತಂಗಿ ಆಗಬೇಕು!”

ಎಲ್ಲರೂ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಕಳೆದುಹೋದ ಬಂಧುವೊಬ್ಬ ಸಿಕ್ಕಿದನೆಂದು ಮಕ್ಕಳಿಗೆ ರಜೆ ಕೊಡಲಾಯಿತು. ನನಗೆ ಅಳು ಬಂತು. ಅದನ್ನು ಶೆಟ್ಟರು ಆನಂದಬಾಷ್ಪವೆಂದು ತಿಳಿದು ಬೆನ್ನು ಸವರಿದರು.

ಅದೇ ವರ್ಷ ಲೀಲಾವತಿಯ ಮದುವೆಯಾಯಿತು. ರೈಗಳು ತಾವೇ ಬಂದು, ಅಣ್ಣನೆಂದು ಮುಂದೆ ನಿಂತು ನಡೆಸಿಕೊಡಬೇಕು ಎಂದರು. ನಿಂತೆ. ಸಾರು ಬಡಿಸಿದೆ, ದಿಬ್ಬಣದವರಿಗೆ ಚಾಪೆ ಹಾಸಿದೆ. ಹೊರಡುವಾಗ ಅವಳು ಬಂದು ಕಾಲು ಮುಟ್ಟಿ, “ಆಶೀರ್ವಾದ ಮಾಡಿ ಅಣ್ಣ” ಎಂದಳು. ಕನ್ನಡದಲ್ಲಿ ಹೇಳಹೋದರೆ ಅತ್ತುಬಿಡುತ್ತೇನೆ ಎನಿಸಿತು. ಇಂಗ್ಲಿಷಿನಲ್ಲಿ ಹೇಗೋ ತಡವರಿಸಿ, ಹ್ಯಾವ್ ಹ್ಯಾಪಿ ಲೈಫ್ ಎಂದೆ.

ಅವಳು ತಲೆಯೆತ್ತಿ, ಯಾರಿಗೂ ಕೇಳದಂತೆ ಮೆಲ್ಲಗೆ, “ಎ ಹ್ಯಾಪಿ ಲೈಫ್ ಅಲ್ವಾ ಅಣ್ಣ?” ಎಂದಳು. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳಂತೆ. ಇಡೀ ತಾಲೂಕಿನಲ್ಲಿ ‘ಎ’ ಎಲ್ಲಿ ಹಾಕಬೇಕೆಂದು ಬಲ್ಲವಳು ಒಬ್ಬಳೇ ಒಬ್ಬಳಿದ್ದಳು. ಅವಳು ನನಗೆ ತಂಗಿಯಾಗಿಬಿಟ್ಟಳು.