ನೀರಿನ ಕಾವು ನೋಡುವ ಕೆಲಸ

ಗೋಕಾಕದ ಹೊರಗೆ ಮೀನುಮರಿ ಮಾಡುವ ಫಾರ್ಮಿನಲ್ಲಿ ನನ್ನ ನೌಕರಿ. ತತ್ತಿ ಇಡುವ ಕಾಲಕ್ಕೆ ನೀರು ಎಷ್ಟು ಬೆಚ್ಚಗಿದೆ ಅಂತ ನೋಡುವುದು, ಮೂಡಲಗಿ, ಹುಕ್ಕೇರಿ ಕಡೆ ಹೊಂಡ ತೋಡಿಸಿದ ರೈತರಿಗೆ ತಿಳಿಸಿ ಹೇಳುವುದು, ಇಷ್ಟೇ ಕೆಲಸ. ಆದರೆ ನಾನು ನೀರಿನ ಮಾತು ತೆಗೆದರೆ ಸಾಕು, ಒಂದಿಲ್ಲೊಂದು ನಡೆದೇ ನಡೆಯುತ್ತದೆ.

ಬಗಲಲ್ಲಿ ಥರ್ಮಾಮೀಟರ್

ಕಲ್ಲೋಳಿ ಹತ್ತಿರದ ಹೊಂಡ. ದಂಡೆಯ ಮೇಲೆ ಕುರಿ ಕಾಯುವ ಅಜ್ಜ ಬಿಸಿಲಲ್ಲೂ ಕಂಬಳಿ ಹೊದ್ದು ಕೂತಿದ್ದ. ನಾನು ಥರ್ಮಾಮೀಟರ್ ನೀರಿಗಿಳಿಸಿದೆ.

"ಮೀನಿಗೆ ಜ್ವರ ಬಂದಾವೇನು ಯವ್ವಾ?"

"ಇಲ್ರಿ ಅಜ್ಜಾರ. ನೀರು ಹದಾ ಕಾದ್ರ ಮೀನು ತತ್ತಿ ಇಡತಾವು. ಅದಕ್ಕ ನೋಡಾಕತ್ತೇನಿ."

"ನಂದೂ ಒಂದೀಟ ನೋಡು. ನಿನ್ನೆಯಿಂದ ಮೈ ನಡಗಾಕತ್ತೈತಿ."

ನಗುತ್ತಲೇ ಒರೆಸಿ ಬಗಲಲ್ಲಿ ಇಡಿಸಿದೆ. ಮೂವತ್ತೊಂಬತ್ತು ಡಿಗ್ರಿ, ಅಂದರೆ ದವಾಖಾನೆಯ ಲೆಕ್ಕದಲ್ಲಿ ನೂರೆರಡು ಜ್ವರ! ಕುರಿಗಳನ್ನು ಹೊಂಡದ ಮಾಲೀಕರಿಗೆ ಒಪ್ಪಿಸಿ, ಅಜ್ಜನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮೂಡಲಗಿ ದವಾಖಾನೆಗೆ ಹೊರಟೆ.

"ನನ್ನ ಕಾವು ಎಷ್ಟೈತಿ ಯವ್ವಾ?"

"ಹೊಂಡದ ನೀರಿಗಿಂತ ಭಾಳ ಐತ್ರಿ."

ಅಜ್ಜ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ: "ಹಂಗಾರ ನಾನೂ ತತ್ತಿ ಇಡಬೇಕೇನು?"

ಕಾಯಬೇಕು

ಕಣಗಲಾದ ರೈತರೊಬ್ಬರಿಗೆ ಗೆಂಡೆ ಮೀನು ಯಾವಾಗ ಮರಿ ಹಾಕುತ್ತದೆ ಅನ್ನುವ ಅವಸರ. ಥಂಡಿ ದಿನ. "ನೀರು ಇನ್ನಾ ಭಾಳ ತಣ್ಣಗೈತ್ರಿ ಕಾಕಾ, ಕಾಯಬೇಕು" ಅಂದು ಬಂದೆ. ಸ್ವಲ್ಪ ದಿನ ತಡೆಯಿರಿ ಅಂತ ನನ್ನ ಅರ್ಥ.

ಮುಂದಿನ ಸಲ ಹೋದರೆ ಹೊಂಡದ ದಂಡೆಯಲ್ಲೇ ಒಲೆ ಹೂಡಿದ್ದಾರೆ! ಹಂಡೆ ಕುದಿಯುತ್ತಿದೆ, ಕಾಕಾ ಕೊಡ ತುಂಬಿ ತುಂಬಿ ಹೊಂಡಕ್ಕೆ ಸುರಿಯುತ್ತಿದ್ದಾರೆ. ನಾನು ತಲೆ ಮೇಲೆ ಕೈಹೊತ್ತು ನಿಂತೆ.

ಕಾಕೂ ರೊಟ್ಟಿ, ಝುಣಕಾ ಹಿಡಿದು ಬಂದರು. ನನಗೆ ಉಣ್ಣಿಸದೆ ಅವರೆಂದೂ ಕಳಿಸಿದವರಲ್ಲ. ಗಂಡನ ಕಡೆ ನೋಡಿ ಹೇಳಿದರು: "ನಾಕು ಹಡದೇನಿ ತಂಗಿ. ನನ್ನ ಬಾಣಂತನಕ್ಕ ಒಂದು ತಂಬಿಗಿ ನೀರು ಕಾಸಿದ ಗಂಡಸಲ್ಲ ಇಂವಾ!"

ಬರ್ಫು

ಈ ಬೇಸಿಗೆಯ ಕೊನೆಯದು ಇದು. ಬೆಳಗಿನ ಜಾವ ರೋಹು ತತ್ತಿ ಇಟ್ಟಿದ್ದವು. ಹೊತ್ತೇರಿದಂತೆ ಕರೆಂಟು ಹೋಯಿತು, ಬೋರ್ ನಿಂತಿತು, ತತ್ತಿಗೆ ಹರಿಯುವ ಮೇಲಿನ ಟಾಕಿಯ ನೀರು ಬಿಸಿಲಿಗೆ ಕಾಯತೊಡಗಿತು. ಇನ್ನೊಂದಿಷ್ಟು ಕಾವೇರಿದರೆ ತತ್ತಿಯೆಲ್ಲ ಸತ್ತು ಬೆಳ್ಳಗಾಗುತ್ತವೆ. ವರ್ಷದ ದುಡಿಮೆ ನೀರುಪಾಲು. ನನಗೆ ಅಳುವೇ ಬಂತು.

ಬಾಜೂದ ಮಂಗಲ ಕಾರ್ಯಾಲಯದಲ್ಲಿ ಮದುವೆ. ಶರಬತ್ತಿಗೆ ತರಿಸಿದ ಬರ್ಫು, ಅಂದರೆ ಐಸಿನ ಗಡ್ಡೆಗಳು ಹಿತ್ತಲಲ್ಲಿ ಕಂಡವು. ಓಡಿಹೋಗಿ ಹೆಣ್ಣಿನ ತಂದೆಯ ಮುಂದೆ ಕೈಮುಗಿದೆ.

"ಮೀನು ಹಡದಾವ್ರಿ. ನೀರು ತಣ್ಣಗ ಮಾಡದಿದ್ರ ಒಂದೂ ಉಳಿಯೂದಿಲ್ಲ."

ಅವರು ಹಿಂದೆ ಮುಂದೆ ನೋಡಲಿಲ್ಲ. "ಮಗಳ ಮದುವಿ ದಿನ ಇಷ್ಟು ಜೀವ ಉಳದ್ರ ಚಲೋನ ಆತಲ್ಲ? ಒಯ್ರಿ." ತಮ್ಮ ಆಳುಗಳಿಂದಲೇ ಹೊರಿಸಿ ಕಳಿಸಿದರು. ಬರ್ಫು ಟಾಕಿಗೆ ಬಿತ್ತು, ಕಾವು ಇಳಿಯಿತು, ತತ್ತಿ ಉಳಿದವು. ಆ ಮನುಷ್ಯನನ್ನು ನಾನು ಇವತ್ತಿಗೂ ದಿನಾ ನೆನೆಯುತ್ತೇನೆ.

ಉಪಕಾರ ಸ್ಮರಿಸೋಣ ಅಂತ ಒದ್ದೆ ಬಟ್ಟೆಯಲ್ಲೇ ಕಾರ್ಯಾಲಯಕ್ಕೆ ಹೋದೆ. ಗಂಡಿನ ತಂದೆ ಬಿಸಿ ಶರಬತ್ತು ಗುಟುಕರಿಸಿ ಮುಖ ಕಿವುಚಿದ್ದರು.

"ಬೀಗರ, ಬರ್ಫು ಎಲ್ಲೈತ್ರಿ?"

ಹೆಣ್ಣಿನ ತಂದೆ ಸಮಾಧಾನವಾಗಿ ಅಂದರು: "ಹೆರಿಗಿಗೆ ಬೇಕಾಗಿತ್ರಿ, ಕೊಟ್ವಿ."

ಗಂಡಿನ ತಂದೆ ಗ್ಲಾಸು ಕೆಳಗಿಟ್ಟರು. ಮದುಮಗಳ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿದರು.

"ಯಾರ ಹೆರಿಗಿರಿ? ಇನ್ನಾ ತಲಿ ಮ್ಯಾಲ ಅಕ್ಕಿಕಾಳೇ ಬಿದ್ದಿಲ್ಲ!"