ಮೊದಲ ಸಾವಿರ ಕಿಲೋಮೀಟರ್

ತಪ್ಪೆಲ್ಲ ಆ ಸಾವಿರ ಕಿಲೋಮೀಟರಿನದು. ಷೋರೂಮಿನವನು ಹೊಸ ಕಾರಿನ ಕೀ ಕೈಗಿಡುವಾಗ "ಸಾರ್, ಮೊದಲನೇ ಸಾವಿರ ಕಿಲೋಮೀಟರ್ ಇಂಜಿನ್ ಸ್ವಲ್ಪ ಹುಷಾರು" ಎಂದಷ್ಟೇ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿಬಿಟ್ಟ. ಹುಷಾರು ಎಂದರೆ ಎಷ್ಟು, ಹೇಗೆ ಎಂದು ಅವನು ಬಿಡಿಸಿ ಹೇಳಲಿಲ್ಲ. ಹೇಳುವುದಕ್ಕೆ ವಿದ್ಯಾರಣ್ಯಪುರಂನ ಆ ಬೀದಿಯಲ್ಲಿ ಜನಕ್ಕೇನು ಬರವೇ?

ಚಿಕ್ಕಬಸವಯ್ಯನ ಎದುರು ಮನೆಯ ಬಿಂದುಮಾಧವ ರಾಯರು ಪಾಲಿಟೆಕ್ನಿಕ್ಕಿನಲ್ಲಿ ಜೀವಮಾನವೆಲ್ಲ ಇಂಜಿನ್ ಪಾಠ ಮಾಡಿ ನಿವೃತ್ತರಾದವರು. ಸ್ವತಃ ಸೈಕಲ್ಲು ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. "ನೋಡ್ರೀ ಬಸವಯ್ಯ, ಹೊಸ ಇಂಜಿನ್ ಅಂದ್ರೆ ಹಸಿ ಬಾಣಂತಿ ಇದ್ದ ಹಾಗೆ. ನಲವತ್ತರ ಮೇಲೆ ಹೋಗಕೂಡದು. ಏರು ಹತ್ತಿಸಕೂಡದು" ಎಂದರು. ಪಕ್ಕದ ಮನೆಯ ಮನೋಹರ್ ಟ್ಯಾಕ್ಸಿ ಓಡಿಸಿ ಸಾಕಾಗಿ, ಈಗ ಟ್ಯಾಕ್ಸಿಗಳನ್ನು ಬಾಡಿಗೆಗೆ ಬಿಟ್ಟುಕೊಂಡು ಕೂತವನು. "ಅಣ್ಣೋ, ಹೊಸ ಇಂಜಿನ್ ಅಂದ್ರೆ ಎಳೇ ಹೋರಿ ಕಣಣ್ಣ. ಈಗ್ಲೇ ಓಡಿಸಿ ಓಡಿಸಿ ಪಳಗಿಸ್ಬುಡ್ಬೇಕು. ಇಲ್ದಿದ್ರೆ ಜನ್ಮಪೂರ್ತಿ ಸೋಮಾರಿ ಆಯ್ತದೆ" ಎಂದ. ಚಿಕ್ಕಬಸವಯ್ಯ ಇಬ್ಬರಿಗೂ ತಲೆಯಾಡಿಸಿದ. ಕಾರಿನ ಪೂಜೆಗೆಂದು ಹೆಂಡತಿ ಚಾಮುಂಡಿ ಬೆಟ್ಟಕ್ಕೆ ಹೊರಡಿಸಿದರೆ, ಏರಿಗೆ ಹೆದರಿ ಬೆಟ್ಟದ ಬುಡದಲ್ಲೇ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅಲ್ಲಿಂದಲೇ ಮೇಲಕ್ಕೆ ಕೈಮುಗಿದು ವಾಪಸು ಬಂದ.

ಅವನ ಹೆದರಿಕೆಗೆ ಕಾರಣವಿತ್ತು. ಹುಡುಗನಾಗಿದ್ದಾಗ, ಅಣ್ಣ ಮಹದೇವಯ್ಯ ಹೊಟ್ಟೆಬಟ್ಟೆ ಕಟ್ಟಿ ಕೊಂಡಿದ್ದ ಹೊಸ ಸ್ಕೂಟರನ್ನು ಒಂದು ಭಾನುವಾರ ಕೇಳದೆ ತೆಗೆದುಕೊಂಡು ಹೋಗಿ, ಕೆಆರ್‌ಎಸ್ ರಸ್ತೆಯಲ್ಲಿ ಹುಚ್ಚಾಬಟ್ಟೆ ಓಡಿಸಿ, ಇಂಜಿನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುವಂತೆ ಮಾಡಿ, ಮೇಟಗಳ್ಳಿಯಿಂದ ಮನೆವರೆಗೆ ತಳ್ಳಿಕೊಂಡು ಬಂದಿದ್ದ. ಅಣ್ಣ ಹೊಡೆಯಲಿಲ್ಲ. "ಇವನ ಕೈಗೆ ಹೊಸದೇನನ್ನೂ ಕೊಡಬಾರದು" ಎಂದ, ಅಷ್ಟೆ. ಆದರೆ ಆ ಮಾತನ್ನು ಮದುವೆ, ನಾಮಕರಣ, ತಿಥಿ ಎನ್ನದೆ ಹೋದಲ್ಲೆಲ್ಲ ಹೇಳಿ ನಗಿಸಿದ. ಒಂಬತ್ತು ವರ್ಷದ ಹಿಂದೆ ಅಣ್ಣನ ಮಗಳ ಮದುವೆ ಊಟದಲ್ಲಿ, ಬೀಗರ ಸಾಲಿನ ನಡುವೆ, ಸ್ಕೂಟರಿನ ಕತೆ ಮತ್ತೆ ಶುರುವಾದಾಗ ಚಿಕ್ಕಬಸವಯ್ಯ ಪಾಯಸ ಬಡಿಸಿದ್ದ ಎಲೆ ಬಿಟ್ಟು ಎದ್ದುಹೋದ. ಮದುವೆ ಮನೆಯಲ್ಲಿ ಹೆಣ್ಣಿನ ಚಿಕ್ಕಪ್ಪನೇ ಎಲೆ ಬಿಟ್ಟು ಏಳುವುದೆಂದರೆ ಸಣ್ಣ ಮಾತಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಕಾರು ಬಂದ ವಾರದಲ್ಲೇ, ಬುಧವಾರ ಬೆಳಿಗ್ಗೆ, ಅತ್ತಿಗೆ ಸಿದ್ದಲಿಂಗಮ್ಮನ ಫೋನು ಬಂತು.

"ಬಸವಯ್ಯ, ನಿಮ್ಮಣ್ಣಂಗೆ ಎದೆ ಆಪರೇಶನ್ನು ಕಣಪ್ಪ. ಅನ್ನೊಂದು ಗಂಟೆಗೆ ಒಳಕ್ಕೆ ಕರ್ಕೊಂಡೋಯ್ತಾರಂತೆ. ಉಳಿಯೋದು ಬಿಡೋದು ನಮ್ಮ ಕೈಲಿಲ್ಲ ಅಂದ್ಬುಟ್ಟವ್ರೆ ಡಾಕ್ಟ್ರು. ರಾತ್ರಿಯಿಂದ ಎರಡ್ಸಲ 'ಚಿಕ್ಕ ಬತ್ತಾನಾ' ಅಂತ ಕೇಳುದ್ರು. ರಿಂಗ್ ರೋಡ್ ಆಸ್ಪತ್ರೆ, ಮೂರ್ನೇ ಮಹಡಿ. ಬಂದ್ಬುಡಪ್ಪ, ಬೇಗ."

ಚಿಕ್ಕಬಸವಯ್ಯ ಫೋನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತ. ಅಣ್ಣ ಹೋಗಿಬಿಟ್ಟರೆ ತಾನು ಬಿಟ್ಟೆದ್ದ ಆ ಎಲೆ ಹಾಗೇ ಉಳಿದುಬಿಡುತ್ತದೆ, ಮುಂದೆ ಯಾರ ಹತ್ತಿರ ಹೋಗಿ ಸರಿಮಾಡಿಕೊಳ್ಳುವುದು?

"ಸುಮ್ನೆ ಆಟೋ ಹಿಡ್ಕೊಂಡು ಹೋಗಿ" ಎಂದಳು ಹೆಂಡತಿ. ಅವತ್ತು ಆ ಬೀದಿಯಲ್ಲಿ ಬುದ್ಧಿ ಇದ್ದ ಮಾತು ಅದೊಂದೇ.

ಆದರೆ ಚಿಕ್ಕಬಸವಯ್ಯನ ಮನಸ್ಸಿನಲ್ಲಿ ಬೇರೊಂದು ಆಸೆ ಹುಟ್ಟಿಬಿಟ್ಟಿತ್ತು. ಕಾರಿನಲ್ಲೇ ಹೋಗಬೇಕು, ಕೀ ಅಣ್ಣನ ಕೈಗಿಡಬೇಕು, "ಹುಷಾರಾಗಿ ಎದ್ದು ಬಾ, ಇದ್ರಲ್ಲೇ ನಿನ್ನ ಮನೆಗೆ ಕರ್ಕೊಂಡೋಗ್ತೀನಿ" ಎನ್ನಬೇಕು. ಹೊಸದೊಂದು ವಸ್ತು ತಮ್ಮನ ಕೈಯಲ್ಲಿ ಕೆಡದೆ ಉಳಿದಿದೆ ಎಂದು ಅಣ್ಣನಿಗೆ ತಿಳಿಯಬೇಕು. ಅವನು ಕಾರಿನ ಬಾಗಿಲು ತೆಗೆದು ಗೇಟು ತೆರೆಯುವಷ್ಟರಲ್ಲಿ ರಾಯರು ಮುಂದಿನ ಸೀಟಿನಲ್ಲಿ, ಮನೋಹರ್ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಇಂಥ ಹೊತ್ತಿನಲ್ಲಿ ಒಬ್ಬನನ್ನೇ ಕಳಿಸುವುದುಂಟೇ? ಒಳ್ಳೆಯ ಜನ, ಅದೇ ತೊಂದರೆ.

"ಊರೊಳಗೆ ಬೇಡ" ಎಂದು ರಾಯರು ಅಪ್ಪಣೆ ಕೊಟ್ಟರು. "ಸಿಗ್ನಲ್ ಸಿಗ್ನಲ್‌ಗೂ ನಿಂತ್ರೆ ಇಂಜಿನ್‌ಗೆ ಉಸಿರು ಕಟ್ಟುತ್ತೆ. ಆಸ್ಪತ್ರೆ ಇರೋದೇ ರಿಂಗ್ ರೋಡಲ್ಲಿ. ಸುತ್ತಾದ್ರೂ ಅದ್ರಲ್ಲೇ ಹೋಗಿ."

ಕೆಂಪು ಕಾರು ರಿಂಗ್ ರೋಡ್ ಹತ್ತಿತು. ಬಾನೆಟ್ಟಿನ ಮೇಲೆ ಪೂಜೆಯ ಸೇವಂತಿಗೆ ಹಾರ, ಕನ್ನಡಿಗಳಿಗೆ ಷೋರೂಮಿನ ಬಣ್ಣದ ರಿಬ್ಬನ್ನು ಇನ್ನೂ ಹಾಗೇ ಇದ್ದವು. ನಲವತ್ತರ ವೇಗದಲ್ಲಿ ಹೋಗುತ್ತಿದ್ದ ಅದನ್ನು ಮೊದಲು ಬಸ್ಸುಗಳು ಹಿಂದೆ ಹಾಕಿದವು, ಆಮೇಲೆ ಆಟೋಗಳು, ಕೊನೆಗೆ ಹುಲ್ಲು ಹೇರಿದ ಒಂದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನವನು ಹಾದುಹೋಗುವಾಗ ಕಾರಿನೊಳಕ್ಕೆ ಬಗ್ಗಿ, ಯಾರಿಗಾದರೂ ಮೈ ಸರಿಯಿಲ್ಲವೋ ಎಂದು ನೋಡಿದ.

"ಎಲ್ಲಿದ್ದೀಯಪ್ಪಾ?" ಅತ್ತಿಗೆಯ ಫೋನು.

"ಬಂದ್ಬುಟ್ಟೆ ಅತ್ತಿಗೆ, ಹೊಸ ಕಾರಲ್ಲೇ ಬತ್ತಿದ್ದೀನಿ, ಇನ್ನೈದು ನಿಮಿಷ."

ಹತ್ತೂಕಾಲು ಆಗಿತ್ತು. ದೂರದಲ್ಲಿ ಆಸ್ಪತ್ರೆಯ ಬೋರ್ಡು ಕಾಣಿಸಿತು, ರಸ್ತೆ ಅಲ್ಲಿಂದ ಇಳಿಜಾರು. ಮನೋಹರನಿಗೆ ತಡೆಯಲಾಗಲಿಲ್ಲ. "ಅಣ್ಣೋ, ಇಂಥಾ ಖಾಲಿ ಇಳಿಜಾರು ಮತ್ತೆ ಸಿಗಾಕಿಲ್ಲ. ಒಂದ್ಸಲ ತುಳಿ, ಎಂಬತ್ತಕ್ಕೆ ಓಗ್ಲಿ, ಆಮೇಕೆ ಬುಟ್ಬುಡು. ಇಂಜಿನ್ ಒಳ್ಗಿನ ಪಿಸ್ಟನ್ ರಿಂಗು ಕೂತ್ಕೊಳೋದೇ ಅಂಗೆ. ನಿನ್ನ ಟೈಮೂ ಉಳೀತದೆ!"

ಟೈಮು ಎಂದದ್ದೇ ತಡ, ಚಿಕ್ಕಬಸವಯ್ಯ ತುಳಿದ. ಕಾರು ಚಂಗನೆ ನೆಗೆಯಿತು. "ಅಯ್ಯೋ, ಕೊಂದ್ಬಿಟ್ರಲ್ರೀ!" ಎಂದು ಕಿರುಚಿದ ರಾಯರು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಗಲಾಟೆಯಲ್ಲಿ ಸರ್ವಿಸ್ ರಸ್ತೆಗೆ ತಿರುಗುವ ಜಾಗ ಹಿಂದೆ ಉಳಿದು, ಆಸ್ಪತ್ರೆ ಎಡಗಡೆಯಲ್ಲಿ ಸುಯ್ಯೆಂದು ಹಾದುಹೋಯಿತು.

ಬಹಳ ದೂರ ಹೋದಮೇಲೆ ಯೂ ಟರ್ನ್ ಸಿಕ್ಕಿತು. ಈಗ ಕಾರು ಯಾಕೋ ಕುಂಯ್ ಕುಂಯ್ ಎನ್ನುತ್ತಿತ್ತು. ಮನೋಹರ್ ಬೆಲ್ಟ್ ಹಾಕಿಲ್ಲವೆಂದು ಹಾಗೆ ಕೂಗುತ್ತಿದೆ ಎಂದು ಮೂವರೂ ತಿಳಿದರು. ರಾಯರ ಮುಖ ಮಾತ್ರ ಸಾವಿನ ಮನೆಯ ಮುಖ. "ಆದದ್ದಾಯಿತು. ಇನ್ಮೇಲಾದ್ರೂ ನಲವತ್ತರಲ್ಲಿ ಒಂದೇ ಸಮ ಹೋಗಿ, ಇಂಜಿನ್ ಸುಧಾರಿಸಿಕೊಳ್ಲಿ. ಎಲ್ಲೂ ನಿಲ್ಲಿಸ್ಬೇಡಿ." ಕಾರು ಮೆಲ್ಲಗೆ, ಹಾರ ಅಲ್ಲಾಡಿಸಿಕೊಂಡು, ರಸ್ತೆಯ ಆಚೆ ಬದಿಯಿಂದ ಆಸ್ಪತ್ರೆಯನ್ನು ಎರಡನೇ ಸಲ ದಾಟಿತು. ಇನ್ನೊಂದು ಯೂ ಟರ್ನ್. ಹತ್ತೂ ಮುಕ್ಕಾಲು. ಚಿಕ್ಕಬಸವಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಈ ಸಲ ಅವನು ಇಬ್ಬರ ಮಾತಿಗೂ ಕಿವಿ ಕೊಡದೆ ಸರ್ವಿಸ್ ರಸ್ತೆಯ ಬಾಯಿಯನ್ನೇ ನೋಡುತ್ತಾ ಬಂದು, ಇಂಡಿಕೇಟರ್ ಹಾಕಿದ.

ಆಗ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

ಮೂವತ್ತೈದು ವರ್ಷದ ಹಿಂದಿನ, ಸ್ಕೂಟರಿನ ಆ ಭಾನುವಾರ ಇಡೀ ಅವನ ಕಣ್ಣಮುಂದೆ ಬಂತು. "ಸೀಜ್ ಆಗ್ತಿದೆ!" ಎಂದರು ರಾಯರು. "ನಿಲ್ಲಿಸ್ಬೇಡಣ್ಣೋ, ನಿಂತ್ರೆ ಕಚ್ಕೊಬುಡ್ತದೆ, ಗಾಳಿ ಬೀಳ್ಲಿ, ಓಡ್ಸು ಓಡ್ಸು!" ಎಂದ ಮನೋಹರ್. ಬೆಳಿಗ್ಗೆಯಿಂದ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು: ಕಾರು ಕೆಡುತ್ತಿದೆ. ಸತ್ತ ಇಂಜಿನ್ ತೆಗೆದುಕೊಂಡು ಅಣ್ಣನ ಮುಂದೆ ಯಾವ ಮುಖದಲ್ಲಿ ನಿಲ್ಲುವುದು? ಸ್ಟಿಯರಿಂಗ್ ನೇರವಾಯಿತು. ಆಸ್ಪತ್ರೆ ಮೂರನೇ ಸಲ ಹಿಂದಕ್ಕೆ ಸರಿಯಿತು.

ಸ್ವಲ್ಪ ಮುಂದೆ ಹೊಗೆಯೇ ಕಾಣಿಸಿದಾಗ ಕಾರು ನಿಂತಿತು. ಇಳಿದು ನೋಡಿದ ಮನೋಹರ್ ಹಣೆ ಚಚ್ಚಿಕೊಂಡ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹೊಗೆ ಬರುತ್ತಿದ್ದುದು ಹಿಂದಿನ ಚಕ್ರದಿಂದ. ಇಳಿಜಾರಿನಲ್ಲಿ ರಾಯರು ಜೀವ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಜಗ್ಗಿದ್ದು ಹ್ಯಾಂಡ್‌ಬ್ರೇಕು, ಅಲ್ಲಿಂದ ಇಲ್ಲಿವರೆಗೆ ಅದು ಅರ್ಧ ಬಿಗಿದೇ ಇತ್ತು. ಪಾಪ, ಕಾರು ಕುಂಯ್ ಕುಂಯ್ ಎಂದು ಅದನ್ನೇ ಹೇಳುತ್ತಿತ್ತು.

ಅವರಿಬ್ಬರ ಜಗಳ ಕೇಳುವುದಕ್ಕೆ ಚಿಕ್ಕಬಸವಯ್ಯ ಅಲ್ಲಿರಲಿಲ್ಲ. ಕೀ ಕಿತ್ತುಕೊಂಡು, ಬಾಗಿಲನ್ನೂ ಹಾಕದೆ, ರಿಂಗ್ ರೋಡಿನ ಅಂಚಿನಲ್ಲಿ, ಮುಳ್ಳು ಪೊದೆ ಕಸದ ಗುಡ್ಡೆ ನೋಡದೆ ಓಡುತ್ತಿದ್ದ. ಐವತ್ತು ದಾಟಿದ ದೇಹ ಎಲ್ಲೆಲ್ಲಿ ನೋಯಬೇಕೋ ಅಲ್ಲೆಲ್ಲ ನೋಯಿತು. ಲಿಫ್ಟಿಗೂ ಕಾಯದೆ ಮೂರನೇ ಮಹಡಿ ಹತ್ತಿ ಬಂದಾಗ ಅಣ್ಣನನ್ನು ಮಲಗಿಸಿದ್ದ ತಳ್ಳುಗಾಡಿ ಎದುರಿಗೇ ಬಂತು.

ಹಸಿರು ಗೌನು, ಬಡಕಲು ಕೈ, ಇಳಿದ ಕೆನ್ನೆ. ಇಷ್ಟು ಸಣ್ಣವನಾಗಿದ್ದಾನೆಯೇ ಅಣ್ಣ! "ಅಣ್ಣಾ..." ಎಂದ. ಮುಂದೆ ಉಸಿರು ಸಾಲಲಿಲ್ಲ.

ಮಹದೇವಯ್ಯ ಕಣ್ಣು ಬಿಟ್ಟ. "ನಿನ್ ಕಾರು ಕೆಂಪಗಿರೋದು ತಾನೇ?"

"ಹೂಂ ಅಣ್ಣ." ಚಿಕ್ಕಬಸವಯ್ಯನ ಮುಖ ಅರಳಿತು. "ಯಾರೇಳುದ್ರು?"

"ಯಾರೂ ಯೋಳ್ನಿಲ್ಲ. ನೀನು ಬತ್ತೀಯ ಅಂತ ನಿಮ್ಮತ್ತಿಗೆ ಕಿಟಕಿ ತಾವ ಕೂರಿಸಿದ್ಲು. ಒಂದ್ಸಲ ಆ ಕಡೆಗೆ ಓದೆ. ಒಂದ್ಸಲ ಈ ಕಡೆಗೆ. ಕೊನೇ ಸಲ ಒಳಕ್ಕೆ ತಿರುಗೋ ಅಂಗೆ ಲೈಟು ತೋರ್ಸಿ, ಓಗ್ಬುಟ್ಟೆ." ಉಸಿರಿಗೆ ನಿಲ್ಲಿಸಿದ. "ಆರ ಗೀರ ಆಕ್ಕೊಂಡು, ಸಾಯೋನ್ ಮುಂದೆ ಮೆರವಣಿಗೆ ಮಾಡುದ್ಯಲ್ಲೋ ಚಿಕ್ಕ."

"ಅಂಗಲ್ಲಣ್ಣ, ಇಂಜಿನ್ನು ಹೊಸದು, ಅದುಕ್ಕೆ..."

ಮಹದೇವಯ್ಯ ಗೋಡೆ ಕಡೆ ಮುಖ ತಿರುಗಿಸಿದ. ಗಾಡಿಯನ್ನು ಒಳಗೆ ತಳ್ಳಿದರು, ಬಾಗಿಲು ಹಾಕಿಕೊಂಡಿತು.

ಆಮೇಲಿನ ಗಂಟೆಗಳನ್ನು ಚಿಕ್ಕಬಸವಯ್ಯ ಗೋಡೆಗೆ ಒರಗಿ ನಿಂತೇ ಕಳೆದ. ಇದೇ ಅಣ್ಣನ ಕಡೆಯ ಮಾತಾಗಿಬಿಟ್ಟರೆ ಎಂಬ ಯೋಚನೆ ಬಂದಾಗೆಲ್ಲ ಕೀಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿದ. ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತ. ಅಣ್ಣ ಬದುಕಿದರೆ ಸಾಕು, ಕಾಲು ಹಿಡಿದು ಎಲ್ಲ ಬಿಡಿಸಿ ಹೇಳುತ್ತೇನೆ, ಕೇಳುವವರೆಗೂ ಬಿಡುವುದಿಲ್ಲ.

ಸಂಜೆ ಡಾಕ್ಟರು ನಗುತ್ತಲೇ ಹೊರಗೆ ಬಂದರು. ಸಿದ್ದಲಿಂಗಮ್ಮ ಅಳುತ್ತಾ ಕೈಮುಗಿದಳು. ಚಿಕ್ಕಬಸವಯ್ಯನೂ ಅಳುತ್ತಾ ಹತ್ತಿರ ಬಂದು ನಿಂತ.

"ಗೆದ್ರು ಕಣಮ್ಮ. ಎದೆ ಹೊಸದಾದಂಗೆ ಆಗಿದೆ. ಇನ್ನಿಪ್ಪತ್ತು ವರ್ಷ ಯೋಚನೆ ಇಲ್ಲ" ಎಂದರು ಡಾಕ್ಟರು. "ಆದ್ರೆ ಮೊದಲ ಆರು ತಿಂಗಳು ಬಹಳ ಹುಷಾರು. ನಿಧಾನಕ್ಕೆ ನಡೀಬೇಕು, ಏರು ಹತ್ತಬಾರದು. ಎಲ್ಲಕ್ಕಿಂತ ಮುಖ್ಯ, ಸಿಟ್ಟು ಬರಬಾರದು. ಒಳಗೆ ಹೋಗೋವಾಗ ಬಿಪಿ ಜಾಸ್ತಿ ಆಗಿ ನಾವೇ ಹೆದರಿಬಿಟ್ವಿ. ಯಾರನ್ನ ನೋಡಿದ್ರೆ ಅವ್ರಿಗೆ ಹಾಗೆ ಸಿಟ್ಟು ಬರುತ್ತೋ, ಅಂಥವರನ್ನ ಹತ್ತಿರಕ್ಕೂ ಬಿಡಬೇಡಿ."

ಸಿದ್ದಲಿಂಗಮ್ಮ ಮೈದುನನ ಕಡೆ ತಿರುಗಿದಳು. ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ.