ಟ್ಯಾಂಟಲಮ್ ತರಲು ಹೋಗಿ ತಂದ ಮಸಿ

ದಾಂಡೇಲಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಫೋನಿನೊಳಗಿನ ಅಕ್ಕಿಕಾಳಿನಂಥ ಬಿಡಿಭಾಗಗಳಲ್ಲಿ ಟ್ಯಾಂಟಲಮ್ ಎಂಬ ಲೋಹ ಇರುತ್ತದೆ, ಅದು ಟ್ಯಾಂಟಲೈಟ್ ಎಂಬ ಕಪ್ಪು, ಭಾರವಾದ ಕಲ್ಲಿನಿಂದ ಬರುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಪೂರ್ತಿ ನೋಡಲಿಲ್ಲ. ಅರ್ಧಕ್ಕೇ ನಾನು ಭೂವಿಜ್ಞಾನಿಯಾಗಿಬಿಟ್ಟಿದ್ದೆ.

“ಜೋಯಿಡಾದ ಕುಂಬಾರವಾಡದ ಕಡೆ ಕಾಡಿನ್ಯಾಗ ಹಳೇ ಗಣಿ ಅದಾವ. ಕರೀ ಕಲ್ಲು ಬೇಕಾದಷ್ಟು ಬಿದ್ದಾವಂತ,” ಎಂದೆ ಹೆಂಡತಿ ಗಿರಿಜಾಳಿಗೆ.

“ಮನ್ಯಾಗ ನಳ ಸೋರಾಕತ್ತೈತಿ. ಮೊದಲ ಅದನ್ನ ನೋಡ್ರಿ,” ಎಂದಳು.

ಮಹತ್ಕಾರ್ಯಕ್ಕೆ ಹೊರಟವನು ನಳ ನೋಡುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಒಬ್ಬನೇ ಹೋದೆ.

ಗಣಿಯ ಹತ್ತಿರ ಮಂಜು ಇನ್ನೂ ಕರಗಿರಲಿಲ್ಲ. ಒಂದು ಹಕ್ಕಿಯ ಸದ್ದೂ ಇಲ್ಲ. ಗುಡ್ಡದ ಬದಿಯಲ್ಲಿ ಸುರಂಗದ ಬಾಯಿ. ಅದರೊಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಮಲಗಿದವರ ಉಸಿರಿನ ಹಾಗೆ. ಧೈರ್ಯ ತಂದುಕೊಳ್ಳಲು “ಯಾರ ಅದೀರಿ?” ಎಂದು ಕೂಗಿದೆ. ಪ್ರತಿಧ್ವನಿ ಬರಬೇಕಿತ್ತು, ಬರಲಿಲ್ಲ. ಯಾರೋ ಕೇಳಿಸಿಕೊಂಡು ಸುಮ್ಮನಾದಂತಿತ್ತು.

ಸುರಂಗದ ಬಾಯಿಯಲ್ಲೇ ಬಿದ್ದಿದ್ದ ತೆಂಗಿನಕಾಯಿ ಗಾತ್ರದ ಕರಿಯ ಕಲ್ಲನ್ನು ಅಪ್ಪಿಕೊಂಡು ಓಡಿದೆ. ವೈಜ್ಞಾನಿಕ ಸಮೀಕ್ಷೆ ಅಲ್ಲಿಗೆ ಮುಕ್ತಾಯವಾಯಿತು.

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಒಬ್ಬ ಅಜ್ಜಿ ನನ್ನ ಮುಖ ನೋಡಿ, ಕೈಮುಗಿದು, ಹಿಂದಿನ ಸೀಟಿಗೆ ಹೋದಳು. ನನ್ನ ತೇಜಸ್ಸು ಎಂದುಕೊಂಡೆ. ಮನೆಗೆ ಬಂದು ಕನ್ನಡಿ ನೋಡಿದಾಗ ಮುಖಕ್ಕೆಲ್ಲ ಮಸಿ.

ಮರುದಿನದಿಂದ ಮನೆಯಲ್ಲಿ ಕರಿಯ ಕೈಗಳು ಕಾಣತೊಡಗಿದವು. ಅಡುಗೆಮನೆಯ ಗೋಡೆಯ ಮೇಲೆ ಐದು ಬೆರಳು. ಫ್ರಿಜ್ಜಿನ ಮೇಲೆ ಐದು ಬೆರಳು. ಗಿರಿಜಾ ಒರೆಸಿದರೆ ಸಂಜೆಗೆ ಪರದೆಯ ಮೇಲೆ, ದೇವರ ಕೋಣೆಯ ಬಾಗಿಲ ಮೇಲೆ. ನೋಡಲು ಬಂದ ಪಕ್ಕದ ಮನೆಯ ಶಾಂತಕ್ಕ ದನಿ ತಗ್ಗಿಸಿ, “ಗಣ್ಯಾಗ ಸತ್ತವರು ಯಾರರ ಬೆನ್ನ ಹತ್ತಿ ಬಂದಿರಬೇಕ್ರೀ,” ಎಂದರು.

ಗಿರಿಜಾ ಚೀಲ ತುಂಬಿದಳು. “ಈ ಮನ್ಯಾಗ ಕಲ್ಲರ ಇರಬೇಕು, ನಾನರ ಇರಬೇಕು. ಸಾಂಬ್ರಾಣಿ ಊರಿಗೆ, ಅವ್ವನ ಕಡೆ ಹೊಂಟೇನಿ.”

ಗಾಬರಿಯಾಗಿ ಹಳಿಯಾಳದ ಪರಿಚಯದ ಭೂವಿಜ್ಞಾನ ಉಪನ್ಯಾಸಕರಿಗೆ ಕಲ್ಲಿನ ಫೋಟೋ ಕಳಿಸಿ, ಸ್ಪೀಕರ್ ಹಾಕಿ ಫೋನ್ ಮಾಡಿ, ಅದು ಸಿಕ್ಕ ಜಾಗ ಹೇಳಿದೆ.

“ಮುಟ್ಟಿದ್ರ ಕೈಗೆ ಮಸಿ ಹತ್ತತೈತೇನ್ರಿ?” ಎಂದರು.

“ಹತ್ತತೈತ್ರಿ.”

“ಹಂಗಾರ ಅದು ಮ್ಯಾಂಗನೀಸ್ ಅದಿರು. ಆ ಗಣಿ ಅದರದ್ದ. ಟ್ಯಾಂಟಲೈಟ್ ಹಿಂಗ ಮಸಿ ಬಿಡೂದಿಲ್ಲ. ಅದು ದಪ್ಪ ಹರಳಿನ ಬಿಳೀ ಕಲ್ಲಿನ ಪಟ್ಟಿಯೊಳಗ, ಅಭ್ರಕದ ಜೋಡಿ ಸಿಗತೈತಿ. ಮಂಡ್ಯದ ಕಡೆ ಐತಿ. ನೀವು ಈ ಕಲ್ಲನ್ನ ಬಾಳ ಮುಟ್ಟತೀರೇನು?”

“ಬಂದವರಿಗೆಲ್ಲಾ ಎತ್ತಿ ತೋರಸ್ತೇನ್ರಿ,” ಎಂದೆ.

ಕೇಳುತ್ತ ನಿಂತಿದ್ದ ಗಿರಿಜಾ ನನ್ನ ಮಣಿಕಟ್ಟು ಹಿಡಿದು ಗೋಡೆಯ ಗುರುತಿನ ಮೇಲೆ ಒತ್ತಿದಳು. ಸರಿಹೊಂದಿತು. ಫ್ರಿಜ್ಜು, ಪರದೆ, ಬಾಗಿಲು, ಎಲ್ಲವೂ ಸರಿಹೊಂದಿದವು. ಮನೆಯ ದೆವ್ವ ನಾನೇ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು, ಚೀಲ ಬಿಚ್ಚಿದಳು, ಒಗೆಯಲು ನನ್ನ ಭಾನುವಾರದ ಅಂಗಿ ಎತ್ತಿಕೊಂಡಳು. ನಗು ನಿಂತಿತು.

ಅಂಗಿಯ ಬೆನ್ನಿನ ನಡುವೆ ಒಂದು ಕರಿಯ ಕೈ. ನನ್ನದಕ್ಕಿಂತ ಸಣ್ಣದು, ಬೆರಳು ಮಾತ್ರ ಉದ್ದ.

“ನೀ ಮುಟ್ಟಿದ್ದೇನ?” ಎಂದೆ.

“ನಾ ಯಾಕ ಮುಟ್ಟಲಿ? ನಿಮ್ಮ ಮಾರಿ ನೋಡೇ ದೂರ ಸರದಿದ್ದೆ.”

ನನ್ನ ಕೈಯನ್ನೇ ಹಿಂದೆ ತಿರುಗಿಸಿ ನೋಡಿದೆ. ಅಲ್ಲಿಗೆ ಎಟುಕಲಿಲ್ಲ. ಬಹಳ ಪ್ರಯತ್ನಪಟ್ಟೆ, ಭುಜ ಉಳುಕಿತು.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಕಲ್ಲನ್ನು ತೆಗೆದ ಜಾಗದಲ್ಲೇ ಇಟ್ಟು, ಕೈಮುಗಿದು, “ತಪ್ಪಾತ್ರಿ,” ಎಂದು ಹೇಳಿ ಬಂದೆ. ಅದಿರಿಗೆ ‘ರೀ’ ಹಚ್ಚಿ ಮಾತಾಡಿಸಿದ ಭೂವಿಜ್ಞಾನಿ ಜೋಯಿಡಾ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.